ನಡುಮನೆಯ ಹುಳು, ಅಡುಗೆಮನೆಯ ಕೂಸು

ಸಭೆಗೆ ಸೇರಿದ್ದು ಮೂರು ಜನ. ಒಬ್ಬರು ಕಿವಿ ಕೇಳದ ಮುದುಕಿ, ಇನ್ನೊಬ್ಬಳು ಮದುವೆಯಾಗದ ಹುಡುಗಿ, ಮೂರನೆಯವಳು ನಾನು. ನನ್ನನ್ನೂ ಸೇರಿಸಿಕೊಂಡದ್ದು ವರದಿಯಲ್ಲಿ ‘ಮೂವರು’ ಎಂದು ಬರೆಯಲು ಅನುಕೂಲವಾಗಲಿ ಅಂತ. ‘ಇಬ್ಬರು’ ಎಂದು ಬರೆದರೆ ಡಾಕ್ಟರು ಏನಂದುಕೊಳ್ಳುತ್ತಾರೋ ಎಂಬ ಯೋಚನೆ ನನಗೆ ಸಭೆ ಶುರುವಾಗುವ ಮೊದಲೇ ಹತ್ತಿತ್ತು. ಈಗ ಐವತ್ತರ ಹತ್ತಿರ ಬಂದಿದ್ದೇನೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ವಾಪಸ್ಸು ಬರುವ ಹೆಂಗಸು ನಾನು. ಆಗಲೂ ಹಾಗೇ ಇದ್ದೆ, ವಯಸ್ಸೊಂದು ಕಡಿಮೆ ಇತ್ತು.

ಅರವತ್ತರ ದಶಕದ ಕೊನೆಯ ಮಾತು. ಸೂಲಿಬೆಲೆ ಕಡೆಯ ಕೆಲವು ಹಳ್ಳಿಗಳಿಗೆ ನಾನು ನರ್ಸು. ಹಿಂದಿನ ಚಳಿಗಾಲದಲ್ಲಿ ಎದೆ ಕಟ್ಟಿದ ಮಕ್ಕಳು ನಮ್ಮ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತುವ ಹೊತ್ತಿಗೆ ತಡವಾಗಿರುತ್ತಿತ್ತು. ಹಾಗಾಗಿ ಈ ಸಲ ಧನುರ್ಮಾಸಕ್ಕೆ ಮೊದಲೇ ಡಾಕ್ಟರು ನನ್ನನ್ನು ಕರೆದು, “ಬಂದ ಮಗೂನ ನಾನು ನೋಡ್ಕೋತೀನಿ. ಬರೋ ಹಾಗೆ ಆಗದಂಗೆ ನೀವು ನೋಡ್ಕೊಳ್ಳಿ” ಎಂದರು. ಹೇಳಿ, ಬಟ್ಟೆಗೆ ಅಂಟಿಸಿದ ನಾಲ್ಕು ಚಿತ್ರಗಳ ಒಂದು ಸುರುಳಿಯನ್ನು ಕೈಗಿಟ್ಟರು. ಹೊಗೆಯಿಲ್ಲದ ಅಡುಗೆಮನೆ, ಕಿಟಕಿಯ ಪಕ್ಕದಲ್ಲಿ ತೊಟ್ಟಿಲು, ಕರವಸ್ತ್ರ ಅಡ್ಡ ಹಿಡಿದು ಕೆಮ್ಮುವ ಗಂಡಸು, ಮಗುವಿಗೆ ನಾಯಿಕೆಮ್ಮಿನ ಚುಚ್ಚುಮದ್ದು.

ಶಾಲೆಯ ಜಗಲಿಯ ಮೇಲೆ ಸುರುಳಿ ಬಿಚ್ಚಿ ನೇತುಹಾಕಿ, ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಹುಡುಗಿ ಮೊದಲ ಚಿತ್ರವನ್ನೇ ತುಂಬ ಹೊತ್ತು ನೋಡಿದಳು.

“ಅಕ್ಕಾ, ಈಯಮ್ಮ ಅಡಿಗೆ ಮನೇಲಿ ಚಪ್ಪಲಿ ಹಾಕ್ಕೊಂಡವ್ಳೆ.”

ನಾನು ಅದನ್ನು ಗಮನಿಸಿರಲೇ ಇಲ್ಲ. ಅಲ್ಲಿಗೆ ಮೊದಲ ಚಿತ್ರದ ಕಥೆ ಮುಗಿಯಿತು.

“ಮಿಕ್ಕೋರೆಲ್ಲ ಎಲ್ಲಮ್ಮ?”

“ಹುಳ ಮೂರನೇ ಜ್ವರದಿಂದ ಎದ್ದವೆ. ಯಾರ್ ಬರ್ತಾರಕ್ಕಾ?”

ರೇಷ್ಮೆ ಹುಳು ಪೊರೆ ಕಳಚುವ ಮೊದಲು ಸೊಪ್ಪು ಬಿಟ್ಟು ಸುಮ್ಮನೆ ಕೂರುತ್ತದೆ. ಆ ಕಡೆ ಅದಕ್ಕೆ ಜ್ವರ ಎನ್ನುತ್ತಿದ್ದರು. ನಾಲ್ಕು ಸಲ ಹೀಗೆ ಕೂತು ಎದ್ದ ಮೇಲೆ ಅದು ಹಣ್ಣಾಗಿ ಗೂಡು ಕಟ್ಟುತ್ತದೆ. ಮೂರನೆಯದರಿಂದ ಎದ್ದ ಮೇಲೆ ಹಸಿವೋ ಹಸಿವು. ಹೆಂಗಸರಿಗೆ ತಲೆ ಬಾಚಿಕೊಳ್ಳುವಷ್ಟು ಪುರುಸೊತ್ತೂ ಇರುವುದಿಲ್ಲ. ಇದನ್ನೆಲ್ಲ ವಿಚಾರಿಸದೆ ಸಭೆಯ ದಿನ ಗೊತ್ತುಮಾಡಿದವಳು ನಾನೇ.

ಸಭೆಗೆ ಜನ ಬಾರದ್ದರಿಂದ ಮನೆಮನೆಗೆ ನಾನೇ ಹೋಗಬೇಕಾಯಿತು. ಊರಿನಲ್ಲಿ ಹೆಚ್ಚು ಹುಳು ಸಾಕುವ ಮನೆಯಿಂದಲೇ ಶುರುಮಾಡಿದೆ. ಜಗಲಿಯ ಮೇಲೆ ಆ ಮನೆಯ ಅಜ್ಜಿ ಸೊಪ್ಪಿನ ರಾಶಿಯ ಮುಂದೆ ಕೂತಿದ್ದರು. ಅಜ್ಜಿ ಎನ್ನುತ್ತಿದ್ದೇನೆ, ಲೆಕ್ಕ ಹಾಕಿದರೆ ಅವರಿಗೆ ಆಗ ನನ್ನ ಈಗಿನ ವಯಸ್ಸೂ ಆಗಿರಲಿಲ್ಲ.

“ಯಾರಮ್ಮ ನೀನು?”

“ನರ್ಸು ಅಮ್ಮ. ಕೂಸು ನೋಡೋಕೆ ಬಂದೆ.”

“ಅಲ್ಲೇ ನಿಂತ್ಕೊ. ಮೊಕಕ್ಕೆ ಪೌಡ್ರು ಹಾಕಿದ್ದೀಯಾ?”

“ಸ್ವಲ್ಪ.”

“ನಿಂಗೆ ಸ್ವಲ್ಪ. ಹುಳಕ್ಕೆ ಬೇಕಾದಷ್ಟಾಯ್ತು. ನಡುಮನೆಗೆ ಕಾಲಿಡ್ಬೇಡ, ಹಿತ್ಲಾಗಾಸಿ ಬಾ.”

ಹಿತ್ತಲ ಬಾಗಿಲು ತೆರೆದದ್ದು ಅಡುಗೆಮನೆಗೆ. ಕಣ್ಣು ಉರಿದು ಮೊದಲಿಗೆ ಏನೂ ಕಾಣಲಿಲ್ಲ. ಸೊಪ್ಪು ಬಿಡಿಸಿ ಉಳಿದ ಹಿಪ್ಪುನೇರಳೆ ಕಡ್ಡಿಗಳು ಹಸಿಹಸಿಯಾಗಿ ಒಲೆಯಲ್ಲಿ ಬುಸುಗುಡುತ್ತಿದ್ದವು. ಒಲೆಯಿಂದ ಎರಡು ಮಾರು ದೂರದಲ್ಲಿ, ತೊಲೆಗೆ ಕಟ್ಟಿದ ಸೀರೆಯ ಜೋಲಿಯಲ್ಲಿ ನಾಲ್ಕು ತಿಂಗಳ ಹೆಣ್ಣು ಕೂಸು. ಅದು ಮೊದಲು ನಡುಮನೆಯಲ್ಲೇ ಇತ್ತಂತೆ. ಹುಳು ಬಂದ ಮೇಲೆ ಇಲ್ಲಿಗೆ ಸರಿದಿತ್ತು. ಆಗತಾನೆ ಎರೆದು ಮಲಗಿಸಿದ್ದರು. ಎರೆದ ಮೇಲೆ ಮೂಗಿನ ಹೊಳ್ಳೆಗೆ ಎರಡೆರಡು ತೊಟ್ಟು ಹರಳೆಣ್ಣೆ ಬಿಟ್ಟು ಬಾಯಿಂದ ಊದುವುದು, ಆಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವುದು ಆ ಮನೆಯ ಪದ್ಧತಿ. ಬರೀ ಆ ಮನೆಯದಲ್ಲ, ನನಗೂ ನನ್ನಜ್ಜಿ ಅದನ್ನೇ ಮಾಡಿದ್ದಳು.

ಕೂಸಿಗೆ ನೆಗಡಿ ಇತ್ತು. ಹೊಟ್ಟೆಯ ಮೇಲಿನ ಬಟ್ಟೆ ಸರಿಸಿ, ಕೈಗಡಿಯಾರ ನೋಡುತ್ತ ಒಂದು ನಿಮಿಷ ಉಸಿರು ಎಣಿಸಿದೆ. ಗಾಬರಿಪಡುವಂಥದ್ದೇನಿರಲಿಲ್ಲ. ನಾನು ಗಾಬರಿಪಟ್ಟೆ, ಅದು ಬೇರೆ ಮಾತು.

ಕೂಸಿನ ತಾಯಿ, ಅಜ್ಜಿಯ ಸೊಸೆ, ದನಿ ತಗ್ಗಿಸಿ ಹೇಳಿದಳು. “ಇದಕ್ಕಿಂತ ಮುಂಚೆ ಒಬ್ಬ ಮಗ ಇದ್ದ ಅಕ್ಕಾ. ಹೋದ್ ವರ್ಷ ಇದೇ ಚಳೀಲಿ ಉಸಿರಾಡೋಕಾಗ್ದೆ ಪಕ್ಕೆ ಹಾರೋಕೆ ಶುರುವಾಯ್ತು. ಬಳೆ ಚೂರು ಕಾಯ್ಸಿ ಬರೆ ಎಳೆಸಿದ್ರು. ಆಮೇಲೆ ಗಾಡಿ ಕಟ್ಟಿದ್ರು.” ಜೋಲಿಯನ್ನು ಎರಡು ಸಲ ತೂಗಿದಳು. “ಆಗ ಇದು ಹೊಟ್ಟೇಲಿತ್ತು. ಇದೊಂದು ಈ ಚಳಿ ದಾಟಿಬಿಡ್ಲಿ.”

ದಾಟಿಸುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ. ಹೊರಗೆ ಬಂದ ಮೇಲೆ, ಹಾಗೆ ಮಾತು ಕೊಡಲು ನಾನ್ಯಾರು ಎಂದು ಸೂಲಿಬೆಲೆಯ ತನಕ ಯೋಚಿಸಿದೆ.

ಎರಡು ದಿನ ಬಿಟ್ಟು ಮತ್ತೆ ಹೋದೆ. ಅಜ್ಜಿ ಅಂಗಳದಲ್ಲಿ ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿ ಬೀಸಣಿಗೆಯಿಂದ ಬೀಸುತ್ತಿದ್ದರು. ಪಕ್ಕದ ಮನೆಯ ಹೆಂಗಸರಿಬ್ಬರು ಸೊಪ್ಪಿನ ಕುಕ್ಕೆ ಇಳಿಸಿ ಮಾತಾಡುತ್ತ ನಿಂತಿದ್ದರು.

“ಇದನ್ನ ಒಳಗೇ ಹಚ್ಚಬಹುದಿತ್ತಲ್ಲಮ್ಮ, ಚಳಿ,” ಎಂದೆ.

“ಹೊಗೆ ಪೂರಾ ಹೋಗಿ ಕೆಂಡ ಆಗ್ಬೇಕು ಕಣಮ್ಮ. ಆಮೇಲೇ ಒಳಕ್ಕೆ. ಹೊಗೆ ತಾಕಿದ್ರೆ ಹುಳ ತಲೆ ಎತ್ತಲ್ಲ.”

ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಕೈಕಾಲು ತೊಳೆಯದೆ ಯಾರೂ ಹುಳುವಿನ ಹತ್ತಿರ ಹೋಗುವಂತಿಲ್ಲ. ಮನೆಯ ಯಜಮಾನರು, ಅಜ್ಜಿಯ ಗಂಡ, ಬೀಡಿ ಸೇದಿದರೆ ಜಗಲಿಯಿಂದ ಈಚೆಗೇ. ತಟ್ಟೆಗಳಲ್ಲಿ ಹುಳು ಒತ್ತಾಗಬಾರದು. ಸಪ್ಪಗಾದದ್ದನ್ನು ಕೂಡಲೆ ಬೇರೆ ಮಾಡಬೇಕು. ಗಾಳಿ ಆಡಬೇಕು, ಆದರೆ ನೇರ ಹೊಡೆಯಬಾರದು, ಅದಕ್ಕೆ ಕಿಟಕಿಗೆ ಚಾಪೆ. ನನ್ನ ನಾಲ್ಕು ಚಿತ್ರದಲ್ಲಿದ್ದದ್ದು, ಚುಚ್ಚುಮದ್ದೊಂದು ಬಿಟ್ಟು ಎಲ್ಲವೂ, ಆ ಮನೆಯಲ್ಲಿ ಶ್ರದ್ಧೆಯಿಂದ ನಡೆಯುತ್ತಿತ್ತು. ಗೋಡೆಯ ಆ ಕಡೆ ಮಾತ್ರ.

ಇದನ್ನು ಕಂಡುಹಿಡಿದ ಖುಷಿ ನನಗೆ ತಲೆಗೇರಿತು. ಬುದ್ಧಿವಂತಳು ಅನ್ನಿಸಿಕೊಳ್ಳುವ ಅವಕಾಶ ನನಗೆ ಜೀವನದಲ್ಲಿ ಹೆಚ್ಚು ಸಿಕ್ಕಿರಲಿಲ್ಲ.

“ಹುಳಕ್ಕೆ ಮಾಡೋದ್ರಲ್ಲಿ ಅರ್ಧ ಮೊಮ್ಮಗಳಿಗೆ ಮಾಡಿದ್ರೆ ಸಾಕಿತ್ತಲ್ಲಮ್ಮ,” ಎಂದೆ. “ಅದೇನು ಹುಳಕ್ಕಿಂತ ಕಡೆನಾ?”

ಹೆಂಗಸರಿಬ್ಬರೂ ನನ್ನ ಕಡೆ ತಿರುಗಿದರು. ಅಜ್ಜಿ ಬೀಸಣಿಗೆ ಕೆಳಗಿಟ್ಟರು.

“ಹೋದ್ ವರ್ಷ ಆ ಮಗೀಗೆ ಪಕ್ಕೆ ಹಾರ್ತಿದ್ದಾಗ ನೀನೆಲ್ಲಿದ್ದೆ?”

ನಾನು ಚೀಲವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಬದಲಾಯಿಸಿದೆ.

“ಗಾಡೀಲಿ ನನ್ ತೊಡೆ ಮೇಲೇ ಹೋದ ಅವನು. ನಂಗೆ ಹುಳದ ಕತೆ ಹೇಳೋಕೆ ಬಂದ್ಯಾ? ನಡಿ ಇಲ್ಲಿಂದ.”

ನಾನು ನಡೆದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಮನೆಯ ಮೂರು ತಟ್ಟೆಗಳಲ್ಲಿ ಹುಳುಗಳು ಬಿಳಿಯಾಗಿ ಸೆಟೆದು ಸತ್ತಿವೆ, ಸುಣ್ಣಕಟ್ಟು ರೋಗ ಎಂದು ಸುದ್ದಿ ಬಂತು. ಚಳಿ ಮತ್ತು ತೇವಕ್ಕೆ ಬರುವ ರೋಗ ಅದು. ಆದರೆ ನರ್ಸಮ್ಮ ಬಂದು ಹೋದ ಮೇಲೆ ಹೀಗಾಯಿತು ಎಂಬುದೂ ಸುಳ್ಳಲ್ಲವಲ್ಲ. ಮುಂದಿನ ಸಲ ಆ ಊರಿನ ಬೀದಿಗೆ ಹೋದಾಗ ನಾನು ಮುಂದೆ ಹೋದಂತೆಲ್ಲ ಬಾಗಿಲುಗಳು ಒಂದೊಂದಾಗಿ ಮುಚ್ಚಿಕೊಂಡವು.

ಡಾಕ್ಟರಿಗೆ ಹೇಳಿದೆ. “ನಾನು ಹುಳದ ಡಾಕ್ಟರಲ್ಲ ಕಣ್ರೀ. ಈ ಚಳಿಗಾಲಕ್ಕೆ ಆ ಊರು ಬಿಟ್ಬಿಡಿ. ಬೇರೆ ಊರಿಲ್ವಾ?” ಎಂದರು.

ಬಿಡಬಹುದಿತ್ತು. ಅಪ್ಪಣೆಯೇ ಸಿಕ್ಕಿತ್ತು. ಅದನ್ನು ದಿನಚರಿಯಲ್ಲಿ ಹೇಗೆ ಬರೆಯುವುದು ಎಂದು ತಿಳಿಯಲು ಹಿಂದಿನ ವರ್ಷದ ದಿನಚರಿ ತೆಗೆದೆ. ಆ ಊರಿನ ಹೆಸರಿನ ಮುಂದೆ ನನ್ನದೇ ಗುಂಡು ಅಕ್ಷರದಲ್ಲಿ ಹೀಗಿತ್ತು: ‘ದಾರಿ ಸರಿಯಿಲ್ಲ, ಮುಂದೂಡಿದೆ.’ ಎರಡು ವಾರ ಬಿಟ್ಟು ಮತ್ತೆ ಅದೇ. ಸಂಕ್ರಾಂತಿ ಕಳೆದ ಮೇಲೂ ಒಂದು ಸಲ.

ದಾರಿ ಸರಿಯಾಗೇ ಇತ್ತು. ಕೆರೆ ಏರಿಯ ಮೇಲೆ ನಾಯಿಗಳಿವೆ ಎಂದು ಬಸ್ಸಿನಲ್ಲಿ ಯಾರೋ ಅಂದಿದ್ದರು. ಮೂರು ಸಲವೂ ನಾನು ಏರಿಯ ಈ ತುದಿಯಲ್ಲಿ ಸ್ವಲ್ಪ ಹೊತ್ತು ನಿಂತು, ಕಚ್ಚಿಸಿಕೊಂಡರೆ ಹೊಕ್ಕುಳಿಗೆ ಹಾಕುವ ಹದಿನಾಲ್ಕು ಇಂಜೆಕ್ಷನ್ನುಗಳನ್ನು ನೆನೆದು ವಾಪಸ್ಸಾಗಿದ್ದೆ. ನೀನೆಲ್ಲಿದ್ದೆ ಎಂದು ಅಜ್ಜಿ ಕೇಳಿದ್ದಕ್ಕೆ ಉತ್ತರ ಅದು. ದಿನಚರಿ ಮುಚ್ಚಿಟ್ಟು ಆ ಊರಿಗೆ ವಾಪಸ್ಸು ಹೋಗುವುದೆಂದು ತೀರ್ಮಾನಿಸಿದೆ.

ಚಿತ್ರದ ಸುರುಳಿಯನ್ನು ಬೀರುವಿನ ಮೇಲೆ ಎಸೆದೆ. ಸೀಗೆಕಾಯಿ ಹಾಕಿ ತಲೆ ತೊಳೆದೆ, ಎಣ್ಣೆ ಇಲ್ಲ, ಪೌಡರ್ ಇಲ್ಲ, ಹೂವೂ ಇಲ್ಲ. ಅವರಾಗಿ ಕೇಳುವ ತನಕ ಮಕ್ಕಳ ವಿಷಯ ಎತ್ತುವುದಿಲ್ಲ ಎಂದು ನನಗೆ ನಾನೇ ಕಟ್ಟು ಹಾಕಿಕೊಂಡೆ. ಕೆಲಸ ಮುಗಿಸಿ ದಿನಾ ಮಧ್ಯಾಹ್ನ ಹೋಗಿ ಆ ಜಗಲಿಯ ಮೇಲೆ ಸೊಪ್ಪಿನ ರಾಶಿಯ ಇನ್ನೊಂದು ಬದಿಗೆ ಕೂತೆ. ಹುಳು ಆಗ ನಾಲ್ಕನೆಯ ಜ್ವರದಿಂದ ಎದ್ದಿದ್ದವು. ಊರಿನಲ್ಲಿ ಯಾರ ಕೈಯನ್ನೂ ಬೇಡ ಎನ್ನುವ ಸ್ಥಿತಿ ಇರಲಿಲ್ಲ. ಅಜ್ಜಿ ನನ್ನನ್ನು ನೋಡಿದರು, ಓಡಿಸಲಿಲ್ಲ. ಕಡ್ಡಿಯಿಂದ ಎಲೆ ಬಿಡಿಸತೊಡಗಿದೆ.

ಮೊದಲ ದಿನ ಅವರು ಆಡಿದ್ದು ಒಂದೇ ಮಾತು. “ಹಳದಿ ಎಲೆ ಬಿಸಾಕು.”

ಎರಡನೆಯ ದಿನ ಮಾತು ಉದ್ದವಾಯಿತು. “ನೀನ್ ಹಿಂಗ್ ಬಿಡ್ಸಿದ್ರೆ ಹುಳ ನಿನ್ ಮದ್ವೆ ಊಟಕ್ಕೇ ಕಾಯ್ಬೇಕಾಗ್ತೈತೆ.” ಸೊಸೆ ಒಳಗಿನಿಂದ ನಕ್ಕದ್ದು ಕೇಳಿಸಿತು. ನನಗೆ ಆಗ ಇಪ್ಪತ್ತೇಳು, ಮದುವೆ ಆಗಿರಲಿಲ್ಲ. ಆ ಕಾಲದಲ್ಲಿ ಅದು ಮೂರು ಊರಿಗೆ ಸಾಕಾಗುವಷ್ಟು ಮಾತಿನ ವಸ್ತು.

ಆ ಮಧ್ಯಾಹ್ನಗಳು ಈಗಲೂ ಮೂಗಿನಲ್ಲಿವೆ. ಬಿಸಿಲಿಗೆ ಬಾಡುವ ಮುಂಚಿನ ಹಿಪ್ಪುನೇರಳೆಯ ಹಸಿರು ವಾಸನೆ, ಒದ್ದೆ ಗೋಣಿಚೀಲ, ಸೊಪ್ಪು ಹಾಕಿದೊಡನೆ ಒಳಗಿನಿಂದ ಸಾವಿರಾರು ಬಾಯಿಗಳ ಸಣ್ಣ ಸದ್ದು. ನಾನು ಹುಳುವಿನ ಬಗ್ಗೆ ಕೇಳಿದೆ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದೆ.

“ಬೆಳ್ಳಗಾಗೋಕೆ ಮುಂಚೆ ಹುಳಕ್ಕೆ ಹುಷಾರಿಲ್ಲ ಅಂತ ಹೆಂಗ್ ಗೊತ್ತಾಗುತ್ತಮ್ಮ?”

“ತಿನ್ನೋದ್ ಬಿಡ್ತೈತೆ. ಸೊಪ್ಪು ಹಾಕಿದ್ರೆ ಮಿಕ್ಕವೆಲ್ಲ ತಲೆ ಎತ್ತಿದ್ರೆ ಇದು ಎತ್ತಲ್ಲ. ದಿನಾ ನೋಡ್ತಿದ್ರೆ ಕಾಣ್ತೈತೆ.”

ಗೋಡೆಯ ಆಚೆ ಕೂಸು ಸೀನಿತು. ಹೊಗೆ ಕಿಟಕಿಯಿಂದ ತೆವಳಿ ಬರುತ್ತಿತ್ತು. ಬಾಯಿ ತೆರೆಯಬೇಕೆನ್ನಿಸಿ ಎಲೆಯನ್ನೇ ಬಿಗಿಯಾಗಿ ಹಿಡಿದುಕೊಂಡೆ. ಹೇಳಿದರೆ ಮತ್ತೆ ಬಾಗಿಲು ಮುಚ್ಚುತ್ತದೆ, ಹೇಳದಿದ್ದರೆ ನಾಳೆಯೂ ಆ ಮೂಗಿಗೆ ಎಣ್ಣೆ ಬೀಳುತ್ತದೆ. ನಾನು ಸುಮ್ಮನಿದ್ದದ್ದು ಸರಿಯೋ ತಪ್ಪೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಮೂರನೆಯ ದಿನ ಅವರೇ ಕೇಳಿದರು. “ಅವತ್ತು ಕೂಸಿನ ಹೊಟ್ಟೆ ನೋಡ್ತಾ ಗಡಿಯಾರ ನೋಡ್ತಿದ್ಯಂತಲ್ಲ, ಏನದು?”

ಮಲಗಿದ್ದ ಕೂಸನ್ನು ಸೊಸೆ ಎತ್ತಿ ತಂದಳು. ಉಸಿರು ಎಣಿಸುವುದನ್ನು ತೋರಿಸಿದೆ. ಎಣಿಸುವಾಗ ಮಗು ಅಳುತ್ತಿರಬಾರದು, ಮೊಲೆ ಕುಡಿಯುತ್ತಿರಬಾರದು ಎಂದೆ. ಕೊನೆಯ ಪಕ್ಕೆಲುಬಿನ ಕೆಳಗೆ ಬೆರಳಿಟ್ಟು, “ಉಸಿರು ಎಳ್ಕೊಂಡಾಗ ಹೊಟ್ಟೆ ಮೇಲಕ್ಕೆ ಬರ್ಬೇಕು. ಅದರ ಬದ್ಲು ಇಲ್ಲಿ ಗುಳಿ ಬಿದ್ರೆ, ಮೊಲೆ ಬಿಟ್ರೆ, ಮೂಗಿನ ಹೊಳ್ಳೆ ಅಗಲ ಆದ್ರೆ, ಆ ಗಳಿಗೇನೇ ಹೊರಡ್ಬೇಕು,” ಎಂದೆ.

“ನಂಗೆ ಎಣ್ಸೋಕೆ ಬರಲ್ಲ.”

“ಎಣಿಸೋದು ಬೇಡಮ್ಮ. ನೀವು ನೋಡ್ತೀರಲ್ಲ.”

ಅವರು ಕೂಸಿನ ಹೊಟ್ಟೆಯನ್ನು ತುಂಬ ಹೊತ್ತು ನೋಡಿದರು. ತಟ್ಟೆಯ ಮೇಲೆ ಬಗ್ಗಿದಾಗ ಇರುತ್ತಿದ್ದ ಅದೇ ನೋಟ. ಅಷ್ಟರಲ್ಲಿ ಸೊಪ್ಪಿನ ಹೊತ್ತಾಯಿತು, ಎದ್ದು ಹೋದರು. ಹೊಗೆ, ಎಣ್ಣೆಯ ಮಾತು ಅಂದೂ ಬರಲಿಲ್ಲ.

ಹುಳು ಹಣ್ಣಾದ ದಿನ ಕೂಸು ಕಾಯಿಲೆ ಬಿತ್ತು. ಆ ದಿನ ಮನೆಯೊಳಗೆ ಹೆಜ್ಜೆ ಇಡಲು ಜಾಗವಿರಲಿಲ್ಲ. ಹಣ್ಣಾದ ಹುಳುವನ್ನು ಒಂದೊಂದೇ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ಹೆಣಿಗೆಗೆ, ಬಿಡಬೇಕು. ತಡವಾದರೆ ತಟ್ಟೆಯಲ್ಲೇ ಎಳೆ ಬಿಟ್ಟು ಹಾಳಾಗುತ್ತವೆ. ನೆಂಟರು, ಅಕ್ಕಪಕ್ಕದವರು ಎಲ್ಲ ಸೇರಿದ್ದರು. ನಾನು ಜಗಲಿ ಹತ್ತುವಷ್ಟರಲ್ಲಿ ಅಜ್ಜಿ ಅಡುಗೆಮನೆಯ ಕಡೆಯಿಂದ ಬಂದು ನನ್ನ ರಟ್ಟೆ ಹಿಡಿದರು.

“ಬಾ ಇಲ್ಲಿ. ಬೆಳಿಗ್ಗೆಯಿಂದ ಮೊಲೆ ಹಿಡೀತಿಲ್ಲ. ಗುಳಿ ಬೀಳ್ತೈತೆ.”

ಬಿದ್ದಿತ್ತು. ನಾನು ಎಣಿಸಿದೆ, ಎಣಿಸುವ ಅಗತ್ಯವಿರಲಿಲ್ಲ. ಮೈ ಸುಡುತ್ತಿತ್ತು. ಸೊಸೆ ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು.

ಯಜಮಾನರು ಬಾಗಿಲಿಗೆ ಬಂದರು. “ಬರೆ ಎಳೆಯೋಳ್ನ ಕರ್ಸು. ಹಣ್ಣು ಹುಳ ಬಿಟ್ಟು ಈಗ ಎಲ್ಲಿಗ್ ಹೋಗ್ತೀಯಾ?”

“ಹೋದ್ ಸಲ ಕರ್ಸಿದ್ವಲ್ಲ,” ಎಂದರು ಅಜ್ಜಿ. “ಗಾಡಿ ಕಟ್ಟು.”

“ಹುಳ?”

“ಹುಳ ಗೂಡು ಕಟ್ಕೋತವೆ. ಅದನ್ನೂ ನಾನೇ ಹೇಳ್ಕೊಡ್ಬೇಕಾ?”

ಅತ್ತೆ, ಸೊಸೆ, ನಾನು ಗಾಡಿಯಲ್ಲಿ ಕೂತೆವು. ಯಜಮಾನರೇ ಗಾಡಿ ಹೊಡೆದರು. ಕೂಸಿನ ಮುಖಕ್ಕೆ ಹೊದಿಕೆ ಮುಚ್ಚದಂತೆ, ತಲೆ ಎದೆಗಿಂತ ಸ್ವಲ್ಪ ಮೇಲಿರುವಂತೆ ಹಿಡಿಸಿದೆ. ಸೊಸೆ ಹಿಂಡಿದ ಹಾಲನ್ನು ಒಳಲೆಯಲ್ಲಿ ತೊಟ್ಟು ತೊಟ್ಟಾಗಿ ತುಟಿಗೆ ಮುಟ್ಟಿಸಿದೆವು, ಏದುಸಿರು ಹೆಚ್ಚಾದಾಗ ಅದನ್ನೂ ನಿಲ್ಲಿಸಿದೆವು. ಕೆರೆ ಏರಿ ಹತ್ತುವಾಗ ನಾಯಿಗಳು ಗಾಡಿಯ ಹಿಂದೆ ಬೊಗಳುತ್ತ ಬಂದವು. ಅಜ್ಜಿ ಕೂಸನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಳ್ಳಲು ಒಪ್ಪಲಿಲ್ಲ. ದಾರಿಯುದ್ದಕ್ಕೂ ನನ್ನ ತೊಡೆಯ ಮೇಲೇ ಇತ್ತು.

ಡಾಕ್ಟರು ನೋಡಿ, “ಹೊತ್ತಿಗೆ ತಂದಿದ್ದೀರ,” ಎಂದರು. ಪೆನ್ಸಿಲಿನ್ ಶುರುವಾಯಿತು. ಆ ದಿನ, ಮಾರನೆಯ ದಿನ ಏನೂ ಹೇಳುವಂತಿರಲಿಲ್ಲ. ಮೂರನೆಯ ಬೆಳಿಗ್ಗೆ ಪಕ್ಕೆಯ ಗುಳಿ ಮಾಯವಾಗಿತ್ತು. ಕೂಸು ತಾನಾಗಿ ಮೊಲೆ ಹುಡುಕಿತು. ಸೊಸೆ ಹಾಲು ಕುಡಿಸುತ್ತಲೇ ನಿದ್ದೆ ಹೋದಳು.

ಹೊರಗಿನ ಕಲ್ಲುಬೆಂಚಿನ ಮೇಲೆ ಅಜ್ಜಿ ನನ್ನನ್ನು ಕೂರಿಸಿಕೊಂಡರು. “ಯಾತಕ್ಕಾಗ್ತೈತೆ ಇದು? ಸುತ್ತಿ ಬಳ್ಸಿ ಹೇಳ್ಬೇಡ.”

ಹೇಳಿದೆ. ಹೊಗೆ ಆ ಎಳೆ ಎದೆಯನ್ನು ಒಳಗಿಂದ ಕೆರೆಯುತ್ತದೆ. ಮೂಗಿಗೆ ಬಿಟ್ಟ ಎಣ್ಣೆ ಇಳಿದು ಎದೆಯಲ್ಲಿ ಕೂತುಬಿಡುತ್ತದೆ, ಹೊರಗೆ ಬರುವುದಿಲ್ಲ. ಕೆಮ್ಮುವವರು ಎತ್ತಿಕೊಂಡರೆ ಅವರದ್ದು ಇದಕ್ಕೆ ಹತ್ತುತ್ತದೆ. ಹೇಳುವಾಗ ನನ್ನ ಕಣ್ಣು ನನ್ನ ಕಾಲಬೆರಳುಗಳ ಮೇಲಿತ್ತು.

“ಆ ಮಗೀಗೂ ನಾನೇ ಎಣ್ಣೆ ಬಿಟ್ಟಿದ್ದು.”

“ಅದ್ರಿಂದಾನೇ ಅಂತ ಹೇಳೋಕಾಗಲ್ಲಮ್ಮ.”

“ಅಲ್ಲ ಅಂತ ಹೇಳೋಕಾಗ್ತೈತಾ?”

ಸುಳ್ಳು ಹೇಳಬಹುದಿತ್ತು. “ಇಲ್ಲ,” ಎಂದೆ.

ಮುಂದಿನದನ್ನು ನಾನಾಗಿಯೇ ಹೇಳಿದೆ. “ನೀನೆಲ್ಲಿದ್ದೆ ಅಂತ ಅವತ್ತು ಕೇಳಿದ್ರಲ್ಲ. ಹೋದ್ ವರ್ಷ ನಾನು ನಿಮ್ಮೂರಿಗೆ ಬರ್ಬೇಕಾಗಿತ್ತು. ಮೂರು ಸಲ ಹೊರಟೆ. ಕೆರೆ ಏರಿ ನಾಯಿಗೆ ಹೆದರ್ಕೊಂಡು ವಾಪಸ್ ಹೋದೆ.”

ಅಜ್ಜಿ ನನ್ನ ಕಡೆ ತಿರುಗಿದರು. “ಆ ನಾಯಿಗಳಿಗಾ?”

“ಹೌದು.”

“ಅವು ಬೊಗಳ್ತವೆ, ಕಚ್ಚಲ್ಲ.”

“ಈಗ ಗೊತ್ತಾಯ್ತು.”

ಅವರು ಬೈಯಲಿಲ್ಲ, ಪರವಾಗಿಲ್ಲ ಎಂದೂ ಅನ್ನಲಿಲ್ಲ. ಬಾಯಿಗೆ ಸೆರಗು ಹಿಡಿದು ಕೂತರು. ಪಕ್ಕದಲ್ಲಿ ನಾನೂ ಕೂತಿದ್ದೆ.

ಕೂಸು ಆ ಚಳಿಗಾಲ ದಾಟಿತು, ಮುಂದಿನದನ್ನೂ ದಾಟಿತು. ಎಷ್ಟೋ ವರ್ಷದ ಮೇಲೆ ಹೊಸಕೋಟೆಯ ಬಸ್ಸಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳನ್ನು ಸೊಸೆ ತೋರಿಸಿ, “ಇವಳೇ ಅಕ್ಕಾ” ಎಂದಳು. ಹುಡುಗಿ ನನ್ನ ಕಡೆ ನೋಡಿ ಆಕಳಿಸಿದಳು.

ಆ ಚಳಿಗಾಲದಲ್ಲೇ, ಗೂಡು ಬಿಡಿಸಿ, ನಡುಮನೆ ತೊಳೆದು ಸುಣ್ಣ ಬಳಿದ ಮೇಲೆ ನಾನು ಹೋದಾಗ ಜೋಲಿ ಅಲ್ಲಿತ್ತು, ಕಿಟಕಿಗೆ ನೇರವಾಗಿ ಅಲ್ಲ, ಒಂದು ಮಗ್ಗುಲಿಗೆ. ಮುಂದಿನ ಬೆಳೆಗೆ ಒಂದು ಸಾಲು ತಟ್ಟೆ ಕಡಿಮೆ ಮಾಡುತ್ತಾರಂತೆ, ಜೋಲಿ ಅಲ್ಲೇ ಇರುತ್ತದಂತೆ. ಹಿತ್ತಲಲ್ಲಿ ಕಡ್ಡಿಗಳನ್ನು ಒಣಗಲು ಹರಡಿದ್ದರು. ನಾನು ಚುಚ್ಚುಮದ್ದಿನ ಪೆಟ್ಟಿಗೆ ತೆರೆದು ಕೂಸಿಗೆ ಚುಚ್ಚಿ, ಹೊರಡಲು ಚೀಲ ಎತ್ತಿಕೊಂಡೆ.

“ಎಲ್ಲಿಗ್ ಹೊರಟೆ?” ಎಂದರು ಅಜ್ಜಿ. “ಕೊನೆ ಮನೆ ಸೊಸೆ ಹೆತ್ತು ಒಂಬತ್ತು ದಿನ ಆಯ್ತು. ಅವ್ರತ್ತೆ ನಿನ್ ಮಾತು ಕೇಳಲ್ಲ. ನನ್ ಮಾತೂ ಕೇಳಲ್ಲ. ಇಬ್ರೂ ಹೋಗಣ, ಬಾಗ್ಲು ಹಾಕ್ಕೊಳ್ಳೋಕಾದ್ರೂ ಎದ್ದು ಬರ್ತಾಳೆ.”

ಆ ಅತ್ತೆ ಎದ್ದೇ ಬಂದರು. ಬಾಗಿಲನ್ನು ಅರ್ಧ ತೆರೆದು, ನನ್ನನ್ನು ಕಂಡು ಮುಚ್ಚಲು ಕೈ ಇಟ್ಟರು. ಅಜ್ಜಿ ಆ ಜಗಲಿಯ ಮೇಲೆ ಸಾವಕಾಶವಾಗಿ ಕೂತು, “ಕುಡಿಯೋಕೆ ನೀರು ಕೊಡೇ, ಬಿಸ್ಲಲ್ಲಿ ಬಂದಿದ್ದೀವಿ,” ಎಂದರು. ನೀರು ಕೇಳಿದವರಿಗೆ ಇಲ್ಲ ಎನ್ನುವ ಊರಲ್ಲ ಅದು. ಆಕೆ ತರಲು ಒಳಗೆ ತಿರುಗಿದರು. ಬಾಗಿಲು ಅರ್ಧ ತೆರೆದೇ ಇತ್ತು, ಒಳಗಿನಿಂದ ಹೊಗೆ ಬರುತ್ತಿತ್ತು. ಅಜ್ಜಿ ಎದ್ದು ಜಗಲಿಯ ಪಕ್ಕದ ತೊಟ್ಟಿಯ ನೀರಿನಲ್ಲಿ ಕಾಲು ತೊಳೆದುಕೊಂಡರು, ನಾನೂ ತೊಳೆದುಕೊಂಡೆ. ಇಬ್ಬರೂ ಆಕೆಯ ಹಿಂದೆಯೇ ಒಳಗೆ ಹೋದೆವು.